ರೆಪ್ಪೆ ಬಿದ್ದವನ ಉಸಿರು ಯಾರ ಕೈಯಲ್ಲಿ?

ಕಟ್ಟುಹಾವು ಕಡಿದವರ ಮೈಯಲ್ಲಿ ಮೊದಲು ಸೋಲುವುದು ಕಣ್ಣಿನ ರೆಪ್ಪೆ. ಕಡಿದ ಜಾಗ ಹೆಚ್ಚಾಗಿ ಊದಿಕೊಳ್ಳುವುದೂ ಇಲ್ಲ, ಉರಿಯುವುದೂ ಇಲ್ಲ. ಹಲ್ಲಿನ ಗುರುತು ಎಷ್ಟೋ ಸಲ ಹುಡುಕಿದರೂ ಸಿಗುವುದಿಲ್ಲ. ನಡುರಾತ್ರಿ ಹೊಟ್ಟೆ ಹಿಂಡಿದಂತಾಗುತ್ತದೆ, ಒಂದೆರಡು ಸಲ ವಾಂತಿಯಾಗುತ್ತದೆ. ಮನೆಯವರು ಗ್ಯಾಸ್ಟ್ರಿಕ್ ಇರಬೇಕೆಂದು ಜೀರಿಗೆ ಕಷಾಯ ಮಾಡಿ ಕೊಟ್ಟು ಮಲಗಿಸುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ರೆಪ್ಪೆ ಎತ್ತಲಾಗುವುದಿಲ್ಲ, ಎದುರಿಗಿದ್ದವರು ಇಬ್ಬಿಬ್ಬರಾಗಿ ಕಾಣುತ್ತಾರೆ. ನಾಲಿಗೆ ತೊದಲುತ್ತದೆ, ಉಗುಳು ನುಂಗಲು ಬರುವುದಿಲ್ಲ, ಕುತ್ತಿಗೆ ನಿಲ್ಲುವುದಿಲ್ಲ. ಕೊನೆಯ ಸರದಿ ಎದೆಗೂಡಿನ ಸ್ನಾಯುಗಳದ್ದು ಮತ್ತು ವಪೆಯದ್ದು. ಇಷ್ಟಾದರೂ ಹೃದಯ ಬಡಿಯುತ್ತಲೇ ಇರುತ್ತದೆ, ಮಿದುಳು ಎಚ್ಚರವಾಗಿಯೇ ಇರುತ್ತದೆ. ಸುತ್ತ ನೆರೆದವರು ಅಳುವುದು ಆ ಮನುಷ್ಯನಿಗೆ ಕೇಳಿಸುತ್ತಿರುತ್ತದೆ.

ಆತನನ್ನು ಕೊಲ್ಲುವುದು ಉಸಿರು ನಿಲ್ಲುವುದೊಂದೇ. ಆತನ ಪರವಾಗಿ ಬೇರೆ ಯಾರಾದರೂ ಉಸಿರು ತುಂಬುತ್ತ ಹೋದರೆ, ಹೊತ್ತಿಗೆ ಸರಿಯಾಗಿ ಪ್ರತಿವಿಷ ಸಿಕ್ಕರೆ, ಎರಡು ಮೂರು ದಿನವೋ ಒಂದು ವಾರವೋ ಕಳೆದ ಮೇಲೆ ಅದೇ ಮನುಷ್ಯ ಎದ್ದು ನಡೆದು ಮನೆಗೆ ಹೋಗಬಲ್ಲ. ವೈದ್ಯಕೀಯದಲ್ಲಿ ಇಷ್ಟು ಪೂರ್ಣವಾಗಿ ಹಿಂದಕ್ಕೆ ತರಬಹುದಾದ ಮರಣಸಂಕಟಗಳು ಹೆಚ್ಚಿಲ್ಲ. ಹಾಗಿದ್ದೂ ಕರಾವಳಿಯ ಹಳ್ಳಿಗಳಲ್ಲಿ ಹಾವಿನ ವಿಷಕ್ಕೆ ಜನ ಸಾಯುತ್ತಿದ್ದಾರೆಂದರೆ, ನರಗಳು ಕೆಲಸ ಮಾಡುವ ಬಗೆಯನ್ನು ಕುರಿತ ಮುಕ್ಕಾಲು ಶತಮಾನದ ಹಿಂದಿನ ತಿಳಿವಳಿಕೆ ಇನ್ನೂ ಊರಿನ ಆಸ್ಪತ್ರೆಯ ಮೇಜಿನವರೆಗೆ ಬಂದು ಮುಟ್ಟಿಲ್ಲ ಎಂದೇ ಅರ್ಥ.

ಬಂಟ್ವಾಳ ತಾಲೂಕಿನ ಕಲ್ಲಡ್ಕದ ಸುತ್ತಿನ ಗೋಳ್ತಮಜಲು, ಬಾಳ್ತಿಲ, ವೀರಕಂಬ, ಅಮ್ಟೂರು ಕಡೆಗಳಲ್ಲಿ ಹಾವೂ ಮನುಷ್ಯನೂ ಒಂದೇ ಅಂಗಳದಲ್ಲಿ ಬದುಕುತ್ತಾರೆ. ಕೆಂಪುಕಲ್ಲಿನ ಕಟ್ಟೆಯ ಸಂದು, ಬಚ್ಚಲೊಲೆಗೆಂದು ಪೇರಿಸಿಟ್ಟ ಕಟ್ಟಿಗೆ, ಅಡಿಕೆ ಮರದ ಬುಡಕ್ಕೆ ಹಾಕಲು ರಾಶಿ ಮಾಡಿದ ಸೊಪ್ಪು-ತರಗೆಲೆ, ಸೋಗೆ-ಹಾಳೆಗಳ ಗುಡ್ಡೆ, ಎಲ್ಲವೂ ಇಲಿಗೆ ಮತ್ತು ಕಪ್ಪೆಗೆ ಒಳ್ಳೆಯ ಮನೆ. ಅವು ಇದ್ದಲ್ಲಿಗೆ ಹಾವು ಬಂದೇ ಬರುತ್ತದೆ. ಕಟ್ಟುಹಾವಂತೂ ಬೇರೆ ಹಾವುಗಳನ್ನೂ ತಿನ್ನುವಂಥದ್ದು. ಹಗಲಿಡೀ ಮುದುಡಿಕೊಂಡಿದ್ದು ರಾತ್ರಿ ಹೊರಡುತ್ತದೆ, ಚಾಪೆ ಹಾಸಿ ನೆಲದಲ್ಲಿ ಮಲಗಿದವರ ಕೈಯೋ ಕಾಲೋ ಅದರ ಮೇಲೆ ಬಿದ್ದಾಗ ಕಡಿಯುತ್ತದೆ. ನಾಗರಹಾವು ಎದುರಾಗುವುದು ಹುಲ್ಲು ಕೊಯ್ಯಲು ಹೋದ ಹೆಂಗಸರಿಗೆ, ಬೆಳಗಾಗುವ ಮುನ್ನ ತಲೆಗೆ ದೀಪ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೊರಟವರಿಗೆ. ನಾಗಬನವಿಲ್ಲದ ಊರು ತುಳುನಾಡಿನಲ್ಲಿ ಸಿಗುವುದು ಕಷ್ಟ. ಪಂಚಮಿಯಂದು ನಾಗನಿಗೆ ತನು ಎರೆಯುವ ಈ ನಂಬಿಕೆ ಎಷ್ಟೋ ಹಾವುಗಳನ್ನೂ, ಹಾವಿನ ಜೊತೆಗೆ ಎಷ್ಟೋ ತುಂಡು ಕಾಡನ್ನೂ ಉಳಿಸಿಕೊಟ್ಟಿದೆ. ಅದು ಉಳಿಯಲಿ. ಉಳಿಯಬೇಕಾದದ್ದು ಕಡಿತಕ್ಕೊಳಗಾದವರ ಜೀವವೂ ಹೌದು.

ಹಾವಿನ ವಿಷ ಮೈಯಲ್ಲಿ ಏನು ಮಾಡುತ್ತದೆಂದು ತಿಳಿಯಲು ಒಂದು ರೆಪ್ಪೆ ಏಳುವ ಹಾದಿಯನ್ನು ನೋಡಿದರೆ ಸಾಕು.

ರೆಪ್ಪೆಯೆತ್ತುವ ಸೂಚನೆ ಮಿದುಳಿನ ಬುಡದಲ್ಲಿರುವ ನರಕೋಶಗಳಿಂದ ಹೊರಡುತ್ತದೆ. ಸುಮ್ಮನಿರುವಾಗ ನರಕೋಶದ ಒಳಭಾಗ ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣ. ಸೋಡಿಯಂ ಹೊರಗೆ ಹೆಚ್ಚು, ಪೊಟ್ಯಾಸಿಯಂ ಒಳಗೆ ಹೆಚ್ಚು. ಈ ವ್ಯತ್ಯಾಸವನ್ನು ಕಾಯ್ದುಕೊಳ್ಳಲು ಪೊರೆಯಲ್ಲಿರುವ ಪಂಪುಗಳು ಹಗಲಿರುಳು ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ದಬ್ಬಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಎಳೆದುಕೊಳ್ಳುತ್ತಿರುತ್ತವೆ. 70 ಮಿಲಿವೋಲ್ಟ್ ಎಂದರೆ ಟಾರ್ಚಿನ ಒಂದು ಸೆಲ್ಲಿನ ಇಪ್ಪತ್ತರಲ್ಲೊಂದು ಪಾಲು. ಆದರೆ ಪೊರೆ ಎಷ್ಟು ತೆಳುವೆಂದರೆ, ಅದರ ದಪ್ಪದೊಳಗಿನ ವಿದ್ಯುತ್ ಸೆಳೆತ ಗಾಳಿಯನ್ನು ಸೀಳಿ ಮಿಂಚು ಹುಟ್ಟಿಸಲು ಬೇಕಾದ ಸೆಳೆತಕ್ಕಿಂತ ತೀವ್ರ. ಸೂಚನೆ ಬಂದಾಗ ಸೋಡಿಯಂ ಬಾಗಿಲುಗಳು ತೆರೆದುಕೊಳ್ಳುತ್ತವೆ, ಸೋಡಿಯಂ ಒಳನುಗ್ಗುತ್ತದೆ, ಒಳಭಾಗ ಕ್ಷಣಮಾತ್ರ ಧನವಾಗುತ್ತದೆ. ಮರುಕ್ಷಣ ಪೊಟ್ಯಾಸಿಯಂ ಹೊರಗೆ ಹರಿದು ಎಲ್ಲವೂ ಮೊದಲಿನಂತಾಗುತ್ತದೆ. ಇದಿಷ್ಟಕ್ಕೂ ಹಿಡಿಯುವುದು ಒಂದೆರಡು ಮಿಲಿಸೆಕೆಂಡ್. ಪಕ್ಕದ ಬಾಗಿಲುಗಳಿಗೆ ಆ ಬದಲಾವಣೆ ತಟ್ಟುತ್ತದೆ, ಅವೂ ತೆರೆಯುತ್ತವೆ, ಅಲೆ ಹಾಗೆಯೇ ಮುಂದೆ ಸಾಗುತ್ತದೆ. ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರವನ್ನು ಇಟ್ಟುಕೊಂಡು ಈ ಲೆಕ್ಕವನ್ನು ಬಿಡಿಸಿ 1952ರಲ್ಲಿ ಪ್ರಕಟಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಬಂತು. ಸ್ನಾಯುಗಳಿಗೆ ಹೋಗುವ ನರಗಳಲ್ಲಿ ಈ ಅಲೆಯ ವೇಗ ಸೆಕೆಂಡಿಗೆ 50 ಮೀಟರ್‌ಗೂ ಹೆಚ್ಚು. ಕುತ್ತಿಗೆಯಿಂದ ಹೊರಟ ಸೂಚನೆ ವಪೆಯನ್ನು ಮುಟ್ಟಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು.

ನರದ ತುದಿ ಮುಟ್ಟಿದಲ್ಲಿಗೆ ವಿದ್ಯುತ್ತಿನ ಕೆಲಸ ಮುಗಿಯಿತು. ನರಕ್ಕೂ ಸ್ನಾಯುವಿಗೂ ನಡುವೆ ಸಂದಿಯೊಂದಿದೆ, ಅಗಲ ಸುಮಾರು 50 ನ್ಯಾನೋಮೀಟರ್, ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು. ನೇತ್ರಾವತಿಗೆ ಸೇತುವೆಗಳಿಲ್ಲದಿದ್ದ ಕಾಲದಲ್ಲಿ ಪಾಣೆಮಂಗಳೂರಿನವರೆಗೆ ಓಡಿಬಂದ ಸುದ್ದಿಗಾರ ಅಲ್ಲಿಂದ ಮುಂದೆ ಕಡವಿನ ದೋಣಿಗೆ ಕಾಯಲೇಬೇಕಿತ್ತು. ನರದ ಸುದ್ದಿಯೂ ಹಾಗೆಯೇ ಆಚೆ ದಡಕ್ಕೆ ರಾಸಾಯನಿಕದ ದೋಣಿಯಲ್ಲೇ ಹೋಗಬೇಕು. ಅಲೆ ಬಂದು ಬಡಿದೊಡನೆ ನರದ ತುದಿಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಒಳಗೆ ಕಾದಿರುವ ಪುಟ್ಟ ಚೀಲಗಳು ಪೊರೆಗೆ ಬೆಸೆದುಕೊಂಡು ಒಡೆದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸಂದಿಗೆ ಸುರಿಯುತ್ತವೆ. ಒಂದೊಂದು ಚೀಲದಲ್ಲೂ ಅದರ ಸಾವಿರಾರು ಅಣುಗಳು. ಆಚೆ ದಡದಲ್ಲಿ, ಸ್ನಾಯುವಿನ ಮೈಮೇಲೆ, ಅದಕ್ಕೆಂದೇ ಇರುವ ಗ್ರಾಹಕಗಳಿವೆ. ಎರಡು ಅಣುಗಳು ಬಂದು ಕೂತರೆ ಗ್ರಾಹಕ ತೆರೆದುಕೊಳ್ಳುತ್ತದೆ, ಸ್ನಾಯುವಿನಲ್ಲಿ ಹೊಸದಾಗಿ ವಿದ್ಯುತ್ ಅಲೆ ಏಳುತ್ತದೆ, ರೆಪ್ಪೆ ಮೇಲೇರುತ್ತದೆ. ಕೆಲಸ ಮುಗಿದ ಅಸಿಟೈಲ್‌ಕೋಲಿನ್ ಅಲ್ಲೇ ಉಳಿದರೆ ಸ್ನಾಯು ಸೆಟೆದುಕೊಂಡೇ ಇರಬೇಕಾದೀತು. ಅದನ್ನು ಒಡೆದು ಹಾಕಲು ಸಂದಿಯಲ್ಲೇ ಕಿಣ್ವವೊಂದು ಕಾದಿರುತ್ತದೆ.

ನರದ ಸುದ್ದಿ ರಾಸಾಯನಿಕವಾಗಿ ದಾಟುತ್ತದೆಂಬುದನ್ನು 1921ರಲ್ಲಿ ಪ್ರಕಟಿಸಿದವರು ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿದ್ದ ಓಟ್ಟೋ ಲೋವಿ. ಒಂದು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಅದರ ಬಡಿತ ನಿಧಾನಿಸಿದರು, ಅದು ಮುಳುಗಿದ್ದ ದ್ರವವನ್ನು ತೆಗೆದು ಇನ್ನೊಂದು ಹೃದಯಕ್ಕೆ ಹಾಕಿದರು. ಯಾವ ನರವೂ ಮುಟ್ಟದ ಆ ಎರಡನೆಯ ಹೃದಯವೂ ನಿಧಾನಿಸಿತು.

ಹಾವು ಕೈಹಾಕುವುದು ಇದೇ ಸಂದಿಗೆ. ನಾಗರಹಾವಿನ ವಿಷದಲ್ಲಿ ಮೂರು ಬೆರಳು ಚಾಚಿದಂಥ ಆಕಾರದ ಸಣ್ಣ ಪ್ರೋಟೀನುಗಳಿವೆ. ಅವು ಸ್ನಾಯುವಿನ ಗ್ರಾಹಕಗಳ ಮೇಲೆ ಕೂತುಬಿಡುತ್ತವೆ. ನರದಿಂದ ಅಸಿಟೈಲ್‌ಕೋಲಿನ್ ಬರುತ್ತಲೇ ಇರುತ್ತದೆ, ಕೂರಲು ಜಾಗವಿರುವುದಿಲ್ಲ. ಕಟ್ಟುಹಾವಿನದ್ದು ಇನ್ನೂ ಒಂದು ಹೆಜ್ಜೆ ಮುಂದಿನ ಕೆಲಸ. ಅದರ ವಿಷದಲ್ಲಿ ಗ್ರಾಹಕವನ್ನು ಮುಚ್ಚುವ ಪ್ರೋಟೀನಿನ ಜೊತೆಗೆ ನರದ ತುದಿಯನ್ನೇ ಹಾಳುಗೆಡಹುವ ಇನ್ನೊಂದು ಪ್ರೋಟೀನ್ ಇದೆ. ಅದು ಚೀಲಗಳ ದಾಸ್ತಾನನ್ನು ಬರಿದು ಮಾಡಿ, ತುದಿಯ ಪೊರೆಯನ್ನು ಕೊರೆದು, ಈಚೆ ದಡದಲ್ಲೇ ಎಲ್ಲವನ್ನೂ ನಿಲ್ಲಿಸುತ್ತದೆ.

ಈ ಭೇದ ಪುಸ್ತಕದಲ್ಲಿ ಓದಿ ಮರೆಯುವಂಥದ್ದಲ್ಲ, ವಾರ್ಡಿನಲ್ಲಿ ಜೀವನ್ಮರಣದ ಪ್ರಶ್ನೆ. ನಾಗರಹಾವಿನ ಕಡಿತದಲ್ಲಿ ನಿಯೋಸ್ಟಿಗ್ಮಿನ್ ಎಂಬ ಹಳೆಯ, ಅಗ್ಗದ ಚುಚ್ಚುಮದ್ದು ಆ ಕಿಣ್ವದ ಕೈ ಕಟ್ಟುತ್ತದೆ. ಅಸಿಟೈಲ್‌ಕೋಲಿನ್ ಸಂದಿಯಲ್ಲಿ ಹೆಚ್ಚು ಹೊತ್ತು ಉಳಿದು, ಹೆಚ್ಚಾಗಿ ಸೇರಿ, ಗ್ರಾಹಕಗಳಿಗಾಗಿ ವಿಷದೊಡನೆ ಪೈಪೋಟಿಗೆ ಇಳಿಯುತ್ತದೆ. ಬಿದ್ದ ರೆಪ್ಪೆ ವೈದ್ಯರ ಕಣ್ಣೆದುರೇ ಮೇಲೇಳುವುದುಂಟು. ಅಡ್ಡಪರಿಣಾಮಕ್ಕೆ ತಡೆಯಾಗಿ ಜೊತೆಯಲ್ಲಿ ಅಟ್ರೋಪಿನ್ ಕೊಡುತ್ತಾರೆ. ಕಟ್ಟುಹಾವಿನ ಕಡಿತದಲ್ಲಿ ಈ ಮದ್ದಿನಿಂದ ಹೆಚ್ಚು ಫಲ ಸಿಗುವುದಿಲ್ಲ, ಏಕೆಂದರೆ ನರದ ತುದಿಯಿಂದ ಸುರಿಯಬೇಕಾದದ್ದೇ ಸುರಿಯುತ್ತಿಲ್ಲ. ಪ್ರತಿವಿಷಕ್ಕೂ ಇಲ್ಲಿ ಮಿತಿಯಿದೆ. ರಕ್ತದಲ್ಲಿ ಇನ್ನೂ ತಿರುಗುತ್ತಿರುವ ವಿಷವನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ಆಗಲೇ ಹಾಳಾದ ನರದ ತುದಿಯನ್ನು ರಿಪೇರಿ ಮಾಡಲಾರದು. ಆ ಕೆಲಸ ಮೈಯೇ ಮಾಡಿಕೊಳ್ಳಬೇಕು, ಮಾಡಿಕೊಳ್ಳುತ್ತದೆ ಕೂಡ. ಹೊಸ ತುದಿಗಳು ಚಿಗುರುತ್ತವೆ, ಸಂದಿ ಮತ್ತೆ ಕೆಲಸಕ್ಕೆ ಬರುತ್ತದೆ. ಅದಕ್ಕೆ ಬೇಕಾದದ್ದು ದಿನಗಳು, ಆ ದಿನಗಳಷ್ಟೂ ಬೇಕಾದದ್ದು ಉಸಿರು.

ಇಷ್ಟು ತಿಳಿದದ್ದೂ ಕಟ್ಟುಹಾವಿನಿಂದಲೇ. ತೈವಾನಿನಲ್ಲಿ ಚಾಂಗ್ ಮತ್ತು ಲೀ ಎಂಬ ಇಬ್ಬರು ಅಲ್ಲಿನ ಕಟ್ಟುಹಾವಿನ ವಿಷವನ್ನು ಬೇರೆಬೇರೆ ಪಾಲುಗಳಾಗಿ ಬಿಡಿಸಿ, ಒಂದು ಪಾಲು ಸ್ನಾಯುವಿನ ಕಡೆ, ಇನ್ನೊಂದು ನರದ ಕಡೆ ಕೆಲಸ ಮಾಡುವುದನ್ನು 1963ರಲ್ಲಿ ತೋರಿಸಿದರು. ಕಟ್ಟುಹಾವುಗಳ ಕುಲನಾಮ ಬುಂಗಾರಸ್, ಹಾಗಾಗಿ ಆ ವಿಷಕ್ಕೆ ಬುಂಗಾರೋಟಾಕ್ಸಿನ್ ಎಂಬ ಹೆಸರು. ಸ್ನಾಯುವಿನ ಕಡೆಯದ್ದು ಗ್ರಾಹಕಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೆಂದರೆ, 1970ರಲ್ಲಿ ಪ್ಯಾರಿಸ್ಸಿನ ಝಾನ್-ಪಿಯೆರ್ ಶಾಂಜೊ ಅದನ್ನೇ ಬಳಸಿ ವಿದ್ಯುತ್ ಈಲ್ ಮೀನಿನಿಂದ ಗ್ರಾಹಕವನ್ನು ಗುರುತು ಹಿಡಿದರು. ಅಲ್ಲಿಯವರೆಗೆ ಗ್ರಾಹಕವೆಂಬುದು ಇದ್ದಿರಬೇಕೆಂಬ ತರ್ಕ ಮಾತ್ರವಾಗಿತ್ತು. ಮಯಸ್ತೀನಿಯಾ ಎಂಬ ಕಾಯಿಲೆಯಲ್ಲಿ ಸಂಜೆಯಾಗುತ್ತ ರೆಪ್ಪೆ ಜೋತು ಬೀಳುವುದೇಕೆಂಬುದು ಬಿಡಿಸಿಕೊಂಡದ್ದೂ ಅದೇ ವಿಷದ ನೆರವಿನಿಂದ: ಆ ರೋಗಿಗಳ ಸ್ನಾಯುವಿನಲ್ಲಿ ಗ್ರಾಹಕಗಳೇ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ಇಂದು ಆ ಕಾಯಿಲೆಗೆ ಸಿಗುವ ಚಿಕಿತ್ಸೆಯ ಹಿಂದೆ ಹೀಗೊಂದು ಹಾವಿನ ಋಣವಿದೆ.

ಗ್ರಾಹಕದ ಮೇಲೆ ಬೇರೊಂದು ಅಣು ಬಂದು ಕೂರುವ ಈ ತಂತ್ರ ವಿಷಕ್ಕೆ ಮಾತ್ರ ಸೇರಿದ್ದಲ್ಲ ಎಂಬುದನ್ನೂ ಕಲ್ಲಡ್ಕದಲ್ಲಿ ಹೇಳಲೇಬೇಕು. ಇಲ್ಲಿನ ಲಕ್ಷ್ಮೀ ನಿವಾಸ ಹೋಟೆಲಿನ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿದವರ ನಿದ್ದೆ ಹಾರುವುದು ಮಿದುಳಿನ ಸಂದಿಗಳಲ್ಲಿ. ದಣಿದಂತೆಲ್ಲ ಮಿದುಳಿನಲ್ಲಿ ಅಡೆನೊಸಿನ್ ಸೇರುತ್ತ ಹೋಗಿ ತೂಕಡಿಕೆ ತರುತ್ತದೆ. ಗಾಜಿನ ಲೋಟದಲ್ಲಿ ಹಾಲಿನ ಮೇಲೆ ಬೆರೆಯದೆ ನಿಂತ ಆ ಡಿಕಾಕ್ಷನ್ನಿನ ಕೆಫೀನ್ ಹೋಗಿ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೆಲವು ಗಂಟೆ ಕೂರುತ್ತದೆ. ಆಮೇಲೆ ತಾನೇ ಎದ್ದು ಹೋಗುತ್ತದೆ.

ಉಸಿರು ತುಂಬಿದರೆ ಬದುಕುತ್ತಾರೆಂಬುದಕ್ಕೆ ಪುರಾವೆ ಎರಡು ಶತಮಾನದಷ್ಟು ಹಳೆಯದು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಹಚ್ಚುವ ಕ್ಯುರಾರೆ ಎಂಬ ವಿಷವೂ ನಾಗರಹಾವಿನ ವಿಷದಂತೆ ಇದೇ ಗ್ರಾಹಕಗಳನ್ನು ಮುಚ್ಚುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವಾಟರ್ಟನ್ 1814ರ ಸುಮಾರಿಗೆ ಹೆಣ್ಣುಕತ್ತೆಯೊಂದಕ್ಕೆ ಅದನ್ನು ಚುಚ್ಚಿದ. ಕತ್ತೆ ಸತ್ತಂತೆ ಬಿತ್ತು. ಅದರ ಶ್ವಾಸನಾಳವನ್ನು ಸೀಳಿ, ತಿದಿಯಿಂದ ಗಂಟೆಗಟ್ಟಲೆ ಗಾಳಿ ಊದಿದರು. ವಿಷದ ಹಿಡಿತ ಇಳಿದ ಮೇಲೆ ಕತ್ತೆ ಎದ್ದು ನಿಂತಿತು, ಮುಂದೆ ಸುಮಾರು ಇಪ್ಪತ್ತೈದು ವರ್ಷ ಬದುಕಿತು. ಗ್ರಾಹಕವೆಂಬ ಮಾತೇ ಹುಟ್ಟಿರದ ಕಾಲ ಅದು.

ಮನುಷ್ಯರಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟದ್ದು 1952ರ ಕೋಪನ್‌ಹೇಗನ್. ಪೋಲಿಯೊದಿಂದ ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ದಿನವೂ ಬರುತ್ತಿದ್ದರು, ಯಂತ್ರಗಳು ಕೈಬೆರಳೆಣಿಕೆಯಷ್ಟು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗಂಟಲಿಗೆ ಕೊಳವೆ ಹಾಕಿಸಿ, ಸುಮಾರು 1,500 ವೈದ್ಯ ವಿದ್ಯಾರ್ಥಿಗಳನ್ನು ಪಾಳಿಯಲ್ಲಿ ಕೂರಿಸಿ, ರಬ್ಬರ್ ಚೀಲವನ್ನು ಕೈಯಿಂದ ಹಿಚುಕಿಸಿದರು. ವಾರಗಟ್ಟಲೆ ಹಾಗೆ ಕೈಯುಸಿರಿನಲ್ಲೇ ಇದ್ದು ನೂರಾರು ಮಂದಿ ಬದುಕಿ ಉಳಿದರು. ಇಂದು ಎಲ್ಲ ಆಂಬುಲೆನ್ಸುಗಳಲ್ಲಿ ಇರಬೇಕಾದ, ಕೈಯಿಂದ ಹಿಚುಕಿ ಉಸಿರು ತುಂಬುವ, ಕೆಲವೇ ಸಾವಿರ ರೂಪಾಯಿ ಬೆಲೆಯ ಆಂಬು ಬ್ಯಾಗ್ ಡೆನ್ಮಾರ್ಕಿನಲ್ಲಿ ಬಳಕೆಗೆ ಬಂದದ್ದು ಅದಾದ ನಾಲ್ಕು ವರ್ಷಕ್ಕೆ, 1956ರಲ್ಲಿ.

ಇದೇ ವಿದ್ಯೆ ಸೋತ ಒಂದು ಪ್ರಸಂಗವೂ ಇದೆ, ಅದನ್ನು ಓದಿದವರು ಮರೆಯಲಾರರು. ಕ್ಯಾಲಿಫೋರ್ನಿಯಾದ ಹಾವುತಜ್ಞ ಜೋ ಸ್ಲೊವಿನ್‌ಸ್ಕಿ 2001ರ ಸೆಪ್ಟೆಂಬರ್ 11ರಂದು ಉತ್ತರ ಮ್ಯಾನ್ಮಾರಿನ ಕಾಡಿನಲ್ಲಿ ಚೀಲಕ್ಕೆ ಕೈಹಾಕಿದಾಗ ಕಟ್ಟುಹಾವೊಂದು ಕಡಿಯಿತು. ಮುಂದೆ ಏನೇನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಜೊತೆಗಿದ್ದವರಿಗೆ ಹೇಳಿಯೂ ಹೇಳಿದರು. ಉಸಿರು ನಿಂತ ಮೇಲೆ ಸಂಗಾತಿಗಳು ಸರದಿಯಲ್ಲಿ ಬಾಯಿಗೆ ಬಾಯಿಟ್ಟು ಒಂದು ಹಗಲು, ಒಂದು ರಾತ್ರಿ ಊದಿದರು. ಮಾತು ನಿಂತಿದ್ದರೂ ಅವರು ಬಹಳ ಹೊತ್ತು ಸನ್ನೆಯಿಂದ ಉತ್ತರ ಕೊಡುತ್ತಿದ್ದರು. ಮಳೆ-ಮೋಡದಿಂದಾಗಿ ಹೆಲಿಕಾಪ್ಟರ್ ಇಳಿಯಲಾಗಲಿಲ್ಲ. ಮರುದಿನ ಅವರು ತೀರಿಕೊಂಡರು. ಆ ಕಾಡಿನಲ್ಲಿ ರಸ್ತೆಯಿರಲಿಲ್ಲ, ಆಸ್ಪತ್ರೆಯಿರಲಿಲ್ಲ, ಪ್ರತಿವಿಷವಿರಲಿಲ್ಲ. ಕಲ್ಲಡ್ಕದಲ್ಲಿ ರಾಷ್ಟ್ರೀಯ ಹೆದ್ದಾರಿ 75 ಮನೆಯ ಬಾಗಿಲಲ್ಲೇ ಹಾದುಹೋಗುತ್ತದೆ.

ಹಾಗಿದ್ದರೆ ಹೊತ್ತು ಕಳೆದುಹೋಗುವುದು ಎಲ್ಲಿ? ಮೊದಲನೆಯದಾಗಿ ಮನೆಯಂಗಳದಲ್ಲಿ. ಭಾರತದಲ್ಲಿ 2000ದಿಂದ 2019ರ ನಡುವೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು, ದೇಶದ ಮರಣಗಳನ್ನು ಮನೆಮನೆಗೆ ಹೋಗಿ ವಿಚಾರಿಸಿದ ಮಿಲಿಯನ್ ಡೆತ್ ಅಧ್ಯಯನ 2020ರಲ್ಲಿ ಅಂದಾಜು ಮಾಡಿತು. ಅವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ನಡುವಿನ ಮಳೆಗಾಲದ ಸಾವುಗಳು. ಅದೇ ಅಧ್ಯಯನದ ಹಿಂದಿನ ವರದಿಯ ಪ್ರಕಾರ ಸತ್ತವರಲ್ಲಿ ನಾಲ್ಕನೇ ಮೂರು ಪಾಲು ಜನ ಆಸ್ಪತ್ರೆಯ ಹೊರಗೇ ಸತ್ತಿದ್ದರು. ಮಂತ್ರ, ವಿಷದ ಕಲ್ಲು, ಸೊಪ್ಪಿನ ರಸ ಎಂದು ಓಡುವವರನ್ನು ಮೂಢರೆಂದು ಬೈಯುವುದರಿಂದ ಪ್ರಯೋಜನವಿಲ್ಲ. ಅವರು ಕಣ್ಣಾರೆ ಕಂಡದ್ದನ್ನು ನಂಬುತ್ತಾರೆ. ಅಂಗಳದಲ್ಲಿ ಕಡಿಯುವ ಬಹುಪಾಲು ಹಾವುಗಳಲ್ಲಿ ವಿಷವಿಲ್ಲ. ಕಟ್ಟುಹಾವಿನಂತೆಯೇ ಪಟ್ಟೆಯಿರುವ ತೋಳಹಾವು ಪಾಪದ ಹಾವು. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಬರೀ ಹಲ್ಲೂರುತ್ತದೆ. ಅಂಥವರೆಲ್ಲ ಏನು ಕೊಟ್ಟರೂ ಬದುಕುತ್ತಾರೆ, ಕೊಡದಿದ್ದರೂ ಬದುಕುತ್ತಾರೆ. ಬದುಕಿದವರ ಕತೆ ಊರೆಲ್ಲ ಹರಡುತ್ತದೆ. ಸತ್ತವರ ಪಾಲಿಗೆ ಋಣ ತೀರಿತೆಂಬ ಮಾತು ಬರುತ್ತದೆ.

ನಾಟಿ ಮದ್ದು ಕೊಡುವವರಲ್ಲಿ ಬಹಳ ಮಂದಿ ದುಡ್ಡು ಮುಟ್ಟದೆ, ಸೇವೆಯೆಂದೇ ಮಾಡುತ್ತ ಬಂದವರು. ಊರಿನವರು ಮೊದಲು ಬಾಗಿಲು ತಟ್ಟುವುದೂ ಅವರದ್ದೇ. ಆದ್ದರಿಂದ ಅವರನ್ನು ದೂರ ತಳ್ಳುವ ಬದಲು ಹತ್ತಿರ ಕರೆದು ಒಂದು ಸಂಗತಿ ಹೇಳಬೇಕಾದದ್ದು ಆರೋಗ್ಯ ಇಲಾಖೆಯ ಕೆಲಸ. ಹಾವು ಕಡಿದವರ ರೆಪ್ಪೆ ಜೋತರೆ, ಮಾತು ತೊದಲಿದರೆ, ಮುಂದಿನ ಕೆಲವೇ ಗಂಟೆಗಳಲ್ಲಿ ಉಸಿರು ನಿಲ್ಲುವುದಿದೆ, ಅದನ್ನು ಯಾವ ಬೇರೂ ತಡೆಯದು. ಅಂಥವರನ್ನು ಕೈಯಾರೆ ಆಂಬುಲೆನ್ಸ್ ಹತ್ತಿಸುವ ನಾಟಿ ವೈದ್ಯರು ಊರಿಗೆ ಬೇಕು.

ಹೊತ್ತು ಕಳೆಯುವ ಎರಡನೆಯ ಜಾಗ ಆಸ್ಪತ್ರೆಯೇ. ಇಲ್ಲಿ ಮಾತು ನೇರವಾಗಿರಬೇಕು. ಸಣ್ಣ ಆಸ್ಪತ್ರೆಗೆ ಬಂದ ರೋಗಿಗೆ ಒಂದು ಹನಿ ಪ್ರತಿವಿಷವನ್ನೂ ಕೊಡದೆ, ಚೀಟಿ ಬರೆದು ಮುಂದಿನ ಊರಿಗೆ ಕಳಿಸುವ ಅಭ್ಯಾಸ ನಿಲ್ಲಬೇಕು. ವಿಷ ಏರಿದ ಲಕ್ಷಣವಿದ್ದರೆ ಮೊದಲ ಹಂತದಲ್ಲೇ ಪ್ರತಿವಿಷ, ಸಾಮಾನ್ಯವಾಗಿ 10 ವಯಲ್, ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. ಮಗುವಿಗೂ ಅಷ್ಟೇ, ಯಾಕೆಂದರೆ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಪುಡಿ ರೂಪದ ಪ್ರತಿವಿಷಕ್ಕೆ ಫ್ರಿಜ್ ಕೂಡ ಬೇಕಿಲ್ಲ. ಹಳ್ಳಿಯ ವೈದ್ಯರು ಹಿಂಜರಿಯುವುದಕ್ಕೆ ಕಾರಣಗಳಿವೆ, ಅವು ಸುಳ್ಳು ಕಾರಣಗಳಲ್ಲ. ಪ್ರತಿವಿಷವನ್ನು ತಯಾರಿಸುವುದು ಕುದುರೆಯ ರಕ್ತದಿಂದ; ಕೆಲವರಿಗೆ ಅದರಿಂದಲೇ ಒಮ್ಮೆಲೇ ಬಿ.ಪಿ. ಕುಸಿದು, ಗಂಟಲು ಕಟ್ಟಿ ಜೀವಕ್ಕೆ ಸಂಚಕಾರ ಬರಬಹುದು. ಒಬ್ಬರೇ ಡಾಕ್ಟರು, ಒಬ್ಬರೇ ನರ್ಸ್ ಇರುವ ರಾತ್ರಿಪಾಳಿಯಲ್ಲಿ ಹಾಗಾದರೆ, ಹೊರಗೆ ನಿಂತ ನೂರು ಜನಕ್ಕೆ ಉತ್ತರ ಕೊಡುವವರು ಯಾರು? ಈ ಭಯ ಹೋಗುವುದು ಸುತ್ತೋಲೆಯಿಂದಲ್ಲ. ಅಡ್ರಿನಲಿನ್ ತುಂಬಿಟ್ಟ ಸಿರಿಂಜ್ ಪಕ್ಕದಲ್ಲಿರಬೇಕು, ಅದನ್ನು ಬಳಸಿ ಅಭ್ಯಾಸವಾಗಿರಬೇಕು, ರಾತ್ರಿ ಎರಡು ಗಂಟೆಗೂ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಿಂದ ಹಿರಿಯ ವೈದ್ಯರೊಬ್ಬರು ಫೋನಿನಲ್ಲಿ ಸಿಗುವ ವ್ಯವಸ್ಥೆ ಇರಬೇಕು. 1848ರಲ್ಲಿ ಶುರುವಾದ ಆ ಜಿಲ್ಲಾ ಆಸ್ಪತ್ರೆಗೆ ಹಾವಿನ ಕಡಿತ ಹೊಸದಲ್ಲ, ಅಲ್ಲಿರುವ ಅನುಭವ ಫೋನಿನ ತಂತಿಯಲ್ಲಾದರೂ ತಾಲೂಕುಗಳಿಗೆ ಹರಿಯಬೇಕು.

ಉಸಿರಿನ ವಿದ್ಯೆಯಂತೂ ಇಲ್ಲಿನ ಸಿಬ್ಬಂದಿಗೆ ಗೊತ್ತಿಲ್ಲದ್ದಲ್ಲ. ಕೀಟನಾಶಕ ಕುಡಿದವರನ್ನು ಕರಾವಳಿಯ ಆಸ್ಪತ್ರೆಗಳು ದಶಕಗಳಿಂದ ಉಳಿಸುತ್ತ ಬಂದಿವೆ. ಆರ್ಗನೋಫಾಸ್ಫೇಟ್ ಕೀಟನಾಶಕ ಕೆಲಸ ಮಾಡುವುದೂ ಅದೇ ಸಂದಿಯಲ್ಲಿ. ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ಅದು ಕೆಡಿಸಿ, ಸಂದಿಯಲ್ಲಿ ನೆರೆ ಬರಿಸುತ್ತದೆ. ಆ ರೋಗಿಗೆ ಕೊಳವೆ ಹಾಕಿ ಉಸಿರು ಕೊಡಲು ಬಲ್ಲ ಕೈಗಳು ಹಾವು ಕಡಿದವರಿಗೂ ಕೊಡಬಲ್ಲವು.

ದಾರಿಯ ಮಾತೂ ಬರುತ್ತದೆ. ಬಿ.ಸಿ. ರೋಡ್-ಅಡ್ಡಹೊಳೆ ಹೆದ್ದಾರಿ ಕಾಮಗಾರಿಯ ವರ್ಷಗಳಲ್ಲಿ ಕಲ್ಲಡ್ಕ ಪೇಟೆ ದಾಟುವುದೇ ಒಂದು ಯುದ್ಧವಾಗಿತ್ತು. ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಧೂಳು, ಎರಡರಲ್ಲೂ ಸಾಲುಗಟ್ಟಿದ ಲಾರಿಗಳು. ಈಗ ಮೇಲ್ಸೇತುವೆ ಎದ್ದು ನಿಂತಿದೆ. ಆದರೆ ಬೆಳ್ತಂಗಡಿಯ ಘಟ್ಟದ ಬುಡದ ದಿಡುಪೆ, ಶಿಶಿಲ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಕುತ್ಲೂರು ಇವುಗಳಿಗೆ ಮೇಲ್ಸೇತುವೆಯಿಂದ ಆದದ್ದೇನೂ ಇಲ್ಲ. ಅಲ್ಲಿನ ಮಲೆಕುಡಿಯ ಮನೆಗಳಿಂದ ಡಾಂಬರು ಕಾಣುವವರೆಗೆ ರೋಗಿಯನ್ನು ಹೊತ್ತೇ ತರಬೇಕಾದ ಜಾಗಗಳಿವೆ, ಅಲ್ಲಿಂದ ಮಂಗಳೂರು ಸುಮಾರು ಎರಡು ಗಂಟೆಯ ಮಾತು. ರೆಪ್ಪೆ ಬಿದ್ದ ರೋಗಿಗೆ ಆ ಎರಡು ಗಂಟೆ ದಾಟಿಸುವುದು ವೇಗದ ವಾಹನವಲ್ಲ, ವಾಹನದೊಳಗೆ ಆಂಬು ಬ್ಯಾಗ್ ಹಿಚುಕುತ್ತ ಕೂರಬಲ್ಲ ಒಂದು ಜೊತೆ ಕೈ. 108ರ ಸಿಬ್ಬಂದಿಗೆ ಆ ತರಬೇತಿ ಇರುತ್ತದೆ. ಆಶಾ ಕಾರ್ಯಕರ್ತೆಯರಿಗೆ, ಜೀಪು-ರಿಕ್ಷಾ ಚಾಲಕರಿಗೆ, ಯುವಕ ಮಂಡಲದ ಹುಡುಗರಿಗೂ ಇದನ್ನು ಕಲಿಸಬಹುದು. ಗೊಂಬೆಯ ಮುಖಕ್ಕೆ ಮಾಸ್ಕ್ ಒತ್ತಿ, ಗಲ್ಲ ಎತ್ತಿ ಹಿಡಿದು, ಐದಾರು ಸೆಕೆಂಡಿಗೊಮ್ಮೆ ಎದೆ ಏಳುವಷ್ಟು ಚೀಲ ಅದುಮುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು, ವರ್ಷಕ್ಕೊಮ್ಮೆ ಮತ್ತೆ ಮಾಡಿ ನೋಡಿದರೆ ಕೈ ಮರೆಯುವುದಿಲ್ಲ.

ಮೂರನೆಯ ಅಪಾಯ ಐ.ಸಿ.ಯು.ವಿನೊಳಗೇ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಕಟ್ಟುಹಾವಿನ ವಿಷ ತೀವ್ರವಾಗಿ ಏರಿದವರ ಪಾಪೆಗಳು ಹಿಗ್ಗಿ, ಬೆಳಕು ಬಿಟ್ಟರೂ ಕದಲದೆ ನಿಲ್ಲಬಹುದು. ಚಿವುಟಿದರೆ ಕೈ ಅಲುಗದು, ಕರೆದರೆ ಉತ್ತರವಿಲ್ಲ. ಮಿದುಳು ಸತ್ತಿದೆಯೆಂದು ತೋರಲು ಇಷ್ಟು ಸಾಕು. ರಾತ್ರಿ ಹಾವು ಕಡಿದದ್ದು ಯಾರಿಗೂ ಗೊತ್ತಿಲ್ಲದಿದ್ದರೆ ಆ ತಪ್ಪು ಇನ್ನೂ ಸುಲಭ. ಹೀಗೆ ಮಿದುಳು ಸತ್ತಂತೆ ಕಂಡ ರೋಗಿಗಳು ವೆಂಟಿಲೇಟರಿನಲ್ಲಿದ್ದು ಪೂರ್ತಿ ಚೇತರಿಸಿಕೊಂಡ ದಾಖಲೆಗಳು ಭಾರತದ ವೈದ್ಯಪತ್ರಿಕೆಗಳಲ್ಲೇ ಇವೆ. ಸ್ನಾಯುಗಳನ್ನು ಕಟ್ಟಿಹಾಕುವ ವಿಷವೋ ಮದ್ದೋ ಮೈಯಲ್ಲಿ ಇಲ್ಲವೆಂದು ಖಚಿತವಾಗದೆ ಮಿದುಳು ಸತ್ತಿದೆಯೆಂದು ಘೋಷಿಸಬಾರದೆಂಬ ನಿಯಮ ಇರುವುದು ಇದಕ್ಕೇ. ಕಟ್ಟುಹಾವು ಓಡಾಡುವ ಜಿಲ್ಲೆಯಲ್ಲಿ, ಮಳೆಗಾಲದ ಬೆಳಗ್ಗೆ, ನೆಲದಲ್ಲಿ ಮಲಗಿದ್ದವರು ಕಾರಣ ತಿಳಿಯದೆ ಮೈಯ ಸ್ನಾಯುಗಳು ಸೋತು ಬಂದರೆ ಮೊದಲ ಅನುಮಾನ ಹಾವಿನ ಮೇಲೆ ಬರಬೇಕು. ಆ ರೋಗಿಗೆ ನೋವಿನ ಮದ್ದು, ನಿದ್ದೆಯ ಮದ್ದು ಕೊಡಬೇಕು, ಹಾಸಿಗೆಯ ಪಕ್ಕ ನಿಂತು ಬಿಲ್ಲಿನ ಮಾತಾಡಬಾರದು. ಎಲ್ಲವೂ ಆತನಿಗೆ ಕೇಳಿಸುತ್ತಿರುತ್ತದೆ.

ಸರಕಾರ ಏನೂ ಮಾಡಿಲ್ಲವೆನ್ನಲಾಗದು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಖಾಸಗಿ ಆಸ್ಪತ್ರೆಗಳೂ ಲೆಕ್ಕ ಕೊಡಬೇಕು. ಮರುತಿಂಗಳು ಕೇಂದ್ರ ಸರಕಾರ 2030ರೊಳಗೆ ಹಾವು ಕಡಿತದ ಸಾವುಗಳನ್ನು ಅರ್ಧಕ್ಕಿಳಿಸುವ ಕಾರ್ಯಯೋಜನೆ ಪ್ರಕಟಿಸಿತು. ಲೆಕ್ಕ ಸಿಗುವುದು ದೊಡ್ಡ ವಿಷಯವೇ. ಆದರೆ ವರದಿಯಲ್ಲಿ ಕಡಿತ ಎಷ್ಟು, ಸಾವು ಎಷ್ಟು ಎಂದಿಷ್ಟೇ ಇದ್ದರೆ ಅದರಿಂದ ಕಲಿಯುವುದು ಕಡಿಮೆ. ಕಡಿದದ್ದು ಎಷ್ಟು ಗಂಟೆಗೆ, ರೆಪ್ಪೆ ಬಿದ್ದದ್ದು ಯಾವಾಗ, ಮೊದಲ ಪ್ರತಿವಿಷ ಸಿಕ್ಕಿದ್ದು ಯಾವ ಆಸ್ಪತ್ರೆಯಲ್ಲಿ, ಉಸಿರಿನ ಆಸರೆ ಸಿಕ್ಕಿದ್ದು ಯಾವಾಗ, ಇವಿಷ್ಟು ದಾಖಲಾಗಲಿ. ಒಂದು ಮಳೆಗಾಲ ಕಳೆಯುವುದರೊಳಗೆ ಯಾವ ಹೋಬಳಿಯಲ್ಲಿ ಯಾವ ಕೊಂಡಿ ಕಳಚುತ್ತಿದೆಯೆಂಬುದು ಕಣ್ಣಿಗೆ ಕಾಣುತ್ತದೆ. ಹಾವು ಕಡಿದು ಸತ್ತ ರೈತನ ಕುಟುಂಬಕ್ಕೆ ಸರಕಾರ ಪರಿಹಾರ ಕೊಡುತ್ತದೆ, ಕೊಡಬೇಕಾದದ್ದೇ. ಅದರ ಒಂದು ಪಾಲಿನಲ್ಲಿ ಎಷ್ಟು ಆಂಬು ಬ್ಯಾಗ್ ಬರುತ್ತದೆಂಬ ಲೆಕ್ಕವನ್ನೂ ಹಾಕಬೇಕು.

ಪ್ರತಿವಿಷವೂ ಉತ್ತಮವಾಗಬೇಕಿದೆ. ಈಗಿನದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಎದುರಾಗಿ ತಯಾರಾದದ್ದು. ಪಶ್ಚಿಮ ಘಟ್ಟದ ಕಾಳಿಂಗಕ್ಕೆ, 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿಕೊಂಡ ಆ ಹಾವಿಗೆ, ಭಾರತದಲ್ಲಿ ತಯಾರಾಗುವ ಪ್ರತಿವಿಷವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ವಿಜ್ಞಾನಿಗಳೊಂದಿಗೆ ಸೇರಿ ಪ್ರಯೋಗಾಲಯದಲ್ಲೇ ರೂಪಿಸಿದ ಮಾನವ ಪ್ರತಿಕಾಯವೊಂದನ್ನು 2024ರಲ್ಲಿ ಪ್ರಕಟಿಸಿತು. ನಾಗರ, ಕಟ್ಟುಹಾವು, ಆಫ್ರಿಕದ ಬ್ಲ್ಯಾಕ್ ಮಾಂಬಾಗಳ ವಿಷದಲ್ಲಿರುವ ಒಂದು ಬಗೆಯ ನರವಿಷವನ್ನು ಅದು ಇಲಿಗಳಲ್ಲಿ ತಡೆದಿದೆ. ಅದು ತಡೆಯುವ ಬಗೆಯೇ ಸೊಗಸು. ಸ್ನಾಯುವಿನ ಗ್ರಾಹಕದಂತೆಯೇ ವೇಷ ತೊಟ್ಟು, ವಿಷ ಅಸಲಿ ಗ್ರಾಹಕವನ್ನು ಮುಟ್ಟುವ ಮೊದಲೇ ಅದನ್ನು ಹಿಡಿದುಕೊಳ್ಳುತ್ತದೆ. ಆದರೆ ಅದು ನರದ ತುದಿಯನ್ನು ಕೆಡಿಸುವ ವಿಷಕ್ಕೆ ಮದ್ದಲ್ಲ, ಆಸ್ಪತ್ರೆಯ ಕಪಾಟಿಗೆ ಬರಲು ಇನ್ನೂ ವರ್ಷಗಳು ಬೇಕು. ಅಲ್ಲಿಯವರೆಗೆ ಕುದುರೆಯ ಸೀರಮ್ಮೇ ಗತಿ, ಕೈಯುಸಿರೇ ಆಸರೆ.

ಕಡಿತವಾದಾಗ ಮಾಡಬೇಕಾದದ್ದು ಸ್ವಲ್ಪವೇ. ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಚೀಪಬಾರದು. ಉಂಗುರ, ಬಳೆ ತೆಗೆದು, ಕಡಿದ ಕೈಯನ್ನೋ ಕಾಲನ್ನೋ ಮುರಿದ ಎಲುಬಿಗೆ ಪಟ್ಟಿ ಕಟ್ಟಿದಂತೆ ಅಲುಗದಂತೆ ಕಟ್ಟಿ, ನಡೆಸದೆ ಎತ್ತಿಕೊಂಡು ಹೋಗಬೇಕು. ಹಾವನ್ನು ಹುಡುಕುತ್ತ ಕೂರುವುದು ಬೇಡ, ಕೊಂದು ತರುವುದಂತೂ ಬೇಡವೇ ಬೇಡ. ಮೇಲೆ ಹೇಳಿದ ನಾಲ್ಕೂ ಹಾವಿಗೆ ಒಂದೇ ಪ್ರತಿವಿಷ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ಮುಂದಿನ ಮಳೆಗಾಲ ಹಿಡಿಯುವ ಮೊದಲು, ಅಂದರೆ ಮೇ ತಿಂಗಳ ಕೊನೆಯೊಳಗೆ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರತಿವಿಷ, ನಿಯೋಸ್ಟಿಗ್ಮಿನ್, ಅಟ್ರೋಪಿನ್, ಅಡ್ರಿನಲಿನ್, ದೊಡ್ಡವರ ಮತ್ತು ಮಕ್ಕಳ ಅಳತೆಯ ಆಂಬು ಬ್ಯಾಗ್ ಇವೆಯೇ ಎಂದು ಗ್ರಾಮ ಪಂಚಾಯತಿನ ಸದಸ್ಯರೇ ಹೋಗಿ ಕೇಳಿ ಬರಬಹುದು. ಇಲ್ಲದಿದ್ದರೆ ಜೂನ್‌ನ ಗ್ರಾಮಸಭೆಯಲ್ಲಿ ತಾಲೂಕು ಆರೋಗ್ಯಾಧಿಕಾರಿಯ ಎದುರೇ ಆ ಪಟ್ಟಿಯನ್ನು ಓದಿ, ಯಾವುದು ಯಾವ ತಾರೀಕಿಗೆ ಬರುತ್ತದೆಂದು ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು.